ಊದುಗೊಳವೆಯಲ್ಲಿ ಎಂಜಿನ್ ಕೇಳಿದ್ದು

ನನ್ನಲ್ಲಿ ಒಂದು ದೊಡ್ಡ ದೋಷವಿದೆ. "ಇದು ನಿಮ್ಮ ಕೈಯಲ್ಲಿ ಆಗೋದಲ್ಲ" ಎಂದು ಯಾರಾದರೂ ಹೇಳಿಬಿಟ್ಟರೆ ಮುಗಿಯಿತು, ಅಲ್ಲಿಯವರೆಗೆ ಮುಟ್ಟುವ ಯೋಚನೆಯೂ ಇಲ್ಲದ ಕೆಲಸವನ್ನು ಆ ಕ್ಷಣದಿಂದ ನಾನೇ ಮಾಡಬೇಕು ಅನ್ನಿಸತೊಡಗುತ್ತದೆ. ಹೀಗೆಯೇ ಒಮ್ಮೆ ಮನೆಯ ಮಿಕ್ಸಿ ಬಿಚ್ಚಿದ್ದೆ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಮಾಡಿದವರೇ ಒಂದು ಹೆಚ್ಚಿಗೆ ಹಾಕಿದ್ದರು ಎಂಬುದು ನನ್ನ ವಾದ. ಹೆಂಡತಿ ವಿಜಯಾ ವಾದಕ್ಕೆ ಬರಲಿಲ್ಲ. ಆ ಸ್ಕ್ರೂವನ್ನು ದೇವರ ಕಪಾಟಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಇಟ್ಟಳು. ದಿನವೂ ಕೈಮುಗಿಯುವಾಗ ನನಗೆ ಮೊದಲು ದರ್ಶನ ಕೊಡುವುದು ಅದೇ.

ನಾನು ಸಿದ್ದಾಪುರದಲ್ಲಿ ಹೈಸ್ಕೂಲಿನ ಗಣಿತ ಮಾಸ್ತರ. ನಮ್ಮ ಮನೆಯಲ್ಲಿ ಮೂರು ಸಿಲಿಂಡರಿನ, ಈಗ ರಸ್ತೆಯ ಮೇಲೆ ಅಪರೂಪಕ್ಕೆ ಕಾಣುವ ಒಂದು ಪುಟ್ಟ ಕಾರಿದೆ. ನಾವಿಬ್ಬರೂ ಡ್ರೈವಿಂಗ್ ಕಲಿತದ್ದು ಅದರಲ್ಲೇ. ನಮ್ಮ ಸಂಸಾರದ ಅರ್ಧ ಜಗಳ ನಡೆದದ್ದೂ ಅದರೊಳಗೇ, ಗಾಜು ಏರಿಸಿಕೊಂಡು. ಆ ಕಾರು ಈ ವರ್ಷ 'ಟಕ್ ಟಕ್ ಟಕ್' ಎನ್ನತೊಡಗಿತು. ಮೊದಮೊದಲು ನಿಂತಾಗ ಮಾತ್ರ. ಆಮೇಲೆ ಓಡುವಾಗಲೂ. ಕೊನೆಗೆ ನಾನು ಶಾಲೆಯಿಂದ ಹೊರಟ ಸುದ್ದಿ ನಮ್ಮ ಕೇರಿಗೆ ನನಗಿಂತ ಮೊದಲೇ ತಲುಪುವಂತಾಯಿತು.

ಶಿರಸಿಯ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೇಸ್ತ್ರಿ ಹಾನಗಲ್ ಕಡೆಯವನು. ಬಾನೆಟ್ ಎತ್ತಿದವನೇ, ಸತ್ತವರ ಮನೆಗೆ ಬಂದವನ ಹಾಗೆ ಎರಡು ನಿಮಿಷ ಸುಮ್ಮನೆ ನಿಂತ. "ಎಂಜಿನ್ ಇಳಸಬೇಕ್ರಿ ಸರ" ಎಂದ. ವಾಲ್ವುಗಳ ಮೇಲಿನ ಟ್ಯಾಪೆಟ್ ಸಡಿಲವಾಗಿರಬಹುದಲ್ಲ, ಅದನ್ನೇ ಹೊಂದಿಸಿದರೆ ಸಾಲದೇ, ಎಂದು ನಾನು ಮೊಬೈಲಿನಲ್ಲಿ ನೋಡಿದ ಜ್ಞಾನವನ್ನು ಸ್ವಲ್ಪ ಬಿಚ್ಚಿದೆ. ಅವನು ನಕ್ಕ. "ಹಂಗಂದ್ರ ನೀವ ಮಾಡ್ಕೋರಿ. ಆದ್ರ ಇದು ನಿಮ್ಮ ಕೈಲೆ ಆಗೂದಲ್ರಿ."

ಪಾಪ, ಅವನಿಗೇನು ಗೊತ್ತು ನನ್ನ ದೋಷ! ಆ ಕ್ಷಣವೇ ಬಾನೆಟ್ ಮುಚ್ಚಿಸಿ ವಾಪಸು ಹೊರಟೆ.

ವಿಜಯಾ ಕಾರು ಮಾರುವ ತೀರ್ಮಾನಕ್ಕೆ ಬಂದಿದ್ದಳು. ಮಳೆಗಾಲದ ಮೊದಲು ಇದೇ ಕಾರು ಮಂಚಿಕೇರಿಗೂ ಯಲ್ಲಾಪುರಕ್ಕೂ ನಡುವೆ, ಮನುಷ್ಯರಿಗಿಂತ ಮಂಗಗಳೇ ಹೆಚ್ಚಿರುವ ಜಾಗದಲ್ಲಿ, ನಮ್ಮನ್ನು ನಿಲ್ಲಿಸಿತ್ತು. "ಆ ರಸ್ತೆ ಮೇಲೆ ಮತ್ತೆ ಎರಡು ತಾಸು ನಿಲ್ಲಲೆ ಎನ್ನ ಹತ್ರ ಆಗ್ತಿಲ್ಲೆ" ಎಂದಳು. "ಮಂಚಿಕೇರಿ ಗಜು ಗಿರಾಕಿ ನೋಡಿದ್ನಡ. ಭಾನುವಾರ ಬತ್ತ. ಅಷ್ಟ್ರೊಳಗೆ ಶಬ್ದ ಹೋದ್ರೆ ಕಾರು ಇರ್ಲಿ. ಇಲ್ದಿದ್ರೆ ಅಂವ ತಗಂಡು ಹೋಗ್ಲಿ." ಗಜು ಅಂದರೆ ಗಜಾನನ, ಅವಳ ತಮ್ಮ. ಮಾತು ಕೊಟ್ಟರೆ ತಪ್ಪದವನು, ಅದೇ ತೊಂದರೆ.

ನನಗಿದ್ದದ್ದು ನಾಲ್ಕು ದಿನ. ಗಣಿತದಲ್ಲಿ ಉತ್ತರಕ್ಕಿಂತ ವಿಧಾನ ಮುಖ್ಯ ಎಂದು ಮಕ್ಕಳಿಗೆ ಹೇಳಿಕೊಂಡು ಬಂದವನು ನಾನು. ಮೊದಲ ಹೆಜ್ಜೆ, ಶಬ್ದ ಎಲ್ಲಿಂದ ಬರುತ್ತದೆ ಎಂದು ಪತ್ತೆ ಹಚ್ಚುವುದು. ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಕೇಳುತ್ತಾರೆ. ನನ್ನ ಸ್ಕ್ರೂಡ್ರೈವರ್ ಗೇಣುದ್ದದ್ದು. ಅದನ್ನಿಟ್ಟು ಕೇಳಬೇಕಾದರೆ ಮೂಗು ಫ್ಯಾನ್‌ಬೆಲ್ಟಿಗೆ ಸಿಕ್ಕುವ ಸಂಭವ. ಆಗ ಬಚ್ಚಲ ಒಲೆಯ ಪಕ್ಕ ಒರಗಿಸಿಟ್ಟ ಊದುಗೊಳವೆ ಕಣ್ಣಿಗೆ ಬಿತ್ತು. ಕಬ್ಬಿಣದ್ದು, ಮೊಳಕ್ಕಿಂತ ಉದ್ದ, ಒಳಗೆ ಟೊಳ್ಳು. ಡಾಕ್ಟರರ ಬಳಿಯೂ ಇಷ್ಟು ಒಳ್ಳೆಯದು ಇರಲಾರದು ಎಂದುಕೊಂಡು ಕಿವಿಗಿಟ್ಟೆ. ಹಿಂದಿನ ದಿನದ ಬೂದಿಯೆಲ್ಲ ಕಿವಿಯೊಳಗೆ ಇಳಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕವಳ ಹಾಕದೆ ಯಾವ ಗಂಭೀರ ಕೆಲಸವೂ ಶುರುವಾಗುವುದಿಲ್ಲ. ಪಂಚಾಯಿತಿಕೆಯಿರಲಿ, ಜಾತಕ ನೋಡುವುದಿರಲಿ, ಎಲೆಗೆ ಸುಣ್ಣ ತಾಗಿಸಿ, ಅಡಿಕೆ ಸೇರಿಸಿ, ಮಡಚಿ ದವಡೆಗೆ ಇಟ್ಟ ಮೇಲೆಯೇ ಬುದ್ಧಿಗೆ ಚಾಲನೆ. ಬಾನೆಟ್ ಎತ್ತುವ ಮೊದಲು ನಾನೂ ಒಂದು ಕವಳ ಹಾಕುತ್ತಿದ್ದೆ. ಸಮಸ್ಯೆ ಕಠಿಣವಾದ್ದರಿಂದ ಅಡಿಕೆ ತುಸು ಹೆಚ್ಚೇ.

ಕೊಳವೆಯಲ್ಲಿ ಕೇಳಿದಾಗ ಎಂಜಿನ್ನಿನ ನೆತ್ತಿಯಲ್ಲಿ ಸದ್ದು ಜೋರಾಗಿತ್ತು. ಅಂದರೆ ನನ್ನ ಊಹೆಯೇ ಸರಿ, ಟ್ಯಾಪೆಟ್! ಶನಿವಾರ ಎಂಜಿನ್ ತಣ್ಣಗಿದ್ದಾಗ ಮೇಲಿನ ಮುಚ್ಚಳ ತೆಗೆದೆ. ಆರು ವಾಲ್ವು, ಪ್ರತಿಯೊಂದರ ನೆತ್ತಿಯ ಸಂದಿಯಲ್ಲಿ ಫೀಲರ್ ಗೇಜ್ ಎಂಬ ತೆಳ್ಳನೆಯ ತಗಡು ತೂರಿಸಿ, ಅದು ಹಿತವಾಗಿ ಬಿಗಿಯಾಗುವಷ್ಟು ಸ್ಕ್ರೂ ತಿರುಗಿಸಬೇಕು. ಒಂದೊಂದು ವಾಲ್ವಿಗೂ ಎಂಜಿನ್ನನ್ನು ತುಸು ತಿರುಗಿಸಿಕೊಳ್ಳಬೇಕು. ಅದಕ್ಕೆ ಪ್ಲಗ್ ಬಿಚ್ಚಿ, ಕಾರನ್ನು ಟಾಪ್ ಗೇರಿಗೆ ಹಾಕಿ ಹಿಂದಿನಿಂದ ದೂಡುವುದು ಉಪಾಯ. ದೂಡಲು ವಿಜಯಾಳೇ ಬಂದಳು. ಕಾರು ಮಾರಬೇಕೆಂದವಳು ಅದನ್ನು ಉಳಿಸಲು ದೂಡುತ್ತಿದ್ದದ್ದು ನೋಡಿ ನನಗೆ ಅವಳ ಮೇಲೆ ಬಹಳ ಪ್ರೀತಿ ಬಂತು. "ಇನ್ನೊಂದು ಚೂರು... ಹಾಂ, ಸಾಕು... ಅಯ್ಯೋ, ಹೆಚ್ಚಾತು!" ಎನ್ನುತ್ತ ಆರನೆಯ ವಾಲ್ವು ಮುಗಿಯುವಾಗ ಕಾರು ಅಂಗಳದ ಆ ತುದಿಯಿಂದ ತುಳಸಿಕಟ್ಟೆಯ ಬುಡಕ್ಕೆ ಬಂದಿತ್ತು, ಪ್ರೀತಿ ಸ್ವಲ್ಪ ಇಳಿದಿತ್ತು. ಮೂರನೆಯ ಸಿಲಿಂಡರಿನ ಒಂದು ಟ್ಯಾಪೆಟ್ ಮಾತ್ರ ನಿಜಕ್ಕೂ ಸಡಿಲವಾಗಿತ್ತು. ಎಲ್ಲ ಬಿಗಿದು ಮುಚ್ಚಳ ಹಾಕುವಷ್ಟರಲ್ಲಿ ಕತ್ತಲಾಯಿತು. ಈ ಸಲ ಒಂದೂ ಸ್ಕ್ರೂ ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಒಂದು ದೊಡ್ಡ ಕವಳ ಹಾಕಿ, ಕಾರು ಸ್ಟಾರ್ಟ್ ಮಾಡಿ, ಕೊಳವೆಯನ್ನು ಕಿವಿಗಿಟ್ಟೆ. ಟಕ್. ಟಕ್. ಕಟಕ್.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಫೀಲರ್ ಗೇಜನ್ನು ಬೈದೆ. ಮುಚ್ಚಳದಿಂದ ಕೊಳವೆಯನ್ನು ವಾಟರ್ ಪಂಪಿಗೆ ಸರಿಸಿದೆ, ಅಲ್ಲೂ ಕಟಕ್. ಡೈನಮೋಗೆ ಇಟ್ಟೆ, ಅಲ್ಲೂ ಕಟಕ್. ಬ್ಯಾಟರಿಗೆ ಇಟ್ಟರೆ ಅಲ್ಲೂ ಅಷ್ಟೇ ಸ್ಪಷ್ಟವಾಗಿ ಕಟಕ್. ಬ್ಯಾಟರಿಯೊಳಗೆ ಅಲ್ಲಾಡುವ ವಸ್ತುವೇ ಇಲ್ಲ ಎಂಬುದು ಹತ್ತನೆಯ ತರಗತಿಯ ಹುಡುಗನಿಗೂ ಹೊಳೆಯುತ್ತಿತ್ತು. ಅವನ ಮಾಸ್ತರನಿಗೆ ಹೊಳೆಯಲಿಲ್ಲ. ರೋಗ ಮೈತುಂಬ ಹರಡಿದೆ ಎಂದೇ ತಿಳಿದೆ.

ಅಷ್ಟರಲ್ಲಿ ಗಜಾನನ ಬಂದ. ಬಾನೆಟ್ಟಿಗೆ ತಲೆ ಹಾಕಿ ಕೇಳಿದ. "ಎಂತದೂ ಕೇಳ್ತಿಲ್ಲೆ ಭಾವ. ಚೊಲೋ ನಡೀತಾ ಇದ್ದಲಾ!"

"ನಿಂಗೆ ಕೇಳ್ತಿಲ್ಲೆ, ಎಂಗೆ ಕೇಳ್ತು" ಎಂದೆ. ನನ್ನ ಮೇಲಿನ ಮರುಕದಿಂದ ಹೇಳುತ್ತಿದ್ದಾನೆ ಅನ್ನಿಸಿತು. ಸುಳ್ಳು ಹೇಳಿ ಗೆಲ್ಲುವ ಮನಸ್ಸು ನನಗಿರಲಿಲ್ಲ. ಕೀಲಿಕೈ ತೆಗೆದು ಅವನ ಅಂಗೈಯಲ್ಲಿಟ್ಟು, "ತಗಂಡು ಹೋಗು ಮಾರಾಯ. ಎನ್ನ ಕೈಲಿ ಆಜಿಲ್ಲೆ" ಎಂದೆ. ಜೀವಮಾನದಲ್ಲಿ ಆ ಮಾತನ್ನು ನಾನೇ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ವಿಜಯಾ ಕೊಳವೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ಕೇಳಿದಳು. ಆಮೇಲೆ ಎಂಜಿನ್ನಿನ ಮುಖ ಬಿಟ್ಟು ನನ್ನ ಮುಖವನ್ನೇ ನೋಡಿದಳು. "ಕವಳ ತುಪ್ಪಿಕ್ಕಿ ಬಂದು ಕೇಳಿ" ಎಂದಳು.

ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕೊಳವೆಗೆ ಕಿವಿಯಿಟ್ಟೆ. ಎಂಜಿನ್ ಜೇನುಹುಳದಂತೆ ಗುಂಯ್ಗುಡುತ್ತಿತ್ತು. ಟಕ್ಕೂ ಇಲ್ಲ, ಕಟಕ್ಕೂ ಇಲ್ಲ. ಒಂದು ಕಿವಿಗೆ ಕೊಳವೆ ಒತ್ತಿಕೊಂಡು ಅಡಿಕೆ ಜಗಿದರೆ ಜಗಿದ ಸದ್ದೇ ತಲೆಯೊಳಗೆಲ್ಲ ತುಂಬುತ್ತದೆ ಎಂಬುದು ನನಗೆ ಆಗ ತಿಳಿಯಿತು. ಗಜಾನನ ತುಳಸಿಕಟ್ಟೆ ಹಿಡಿದುಕೊಂಡು ನಕ್ಕ. ಕೀಲಿಕೈ ವಾಪಸು ಬಂತು. ಕಾರು ನಮ್ಮಲ್ಲೇ ಉಳಿಯಿತು, ಅದರೊಳಗೆ ಇನ್ನು ಮೇಲೆ ಕವಳ ಹಾಕುವಂತಿಲ್ಲ ಎಂಬ ಷರತ್ತಿನೊಂದಿಗೆ.

ಆದರೆ ಅಡಿಕೆ ಜಗಿದರೆ ಅಷ್ಟೊಂದು 'ಕಟಕ್' ಯಾಕೆ ಬರಬೇಕು ಎಂದು ವಿಜಯಾ ಬಿಡಲಿಲ್ಲ. ಮರುವಾರ ಅದೇ ಕಾರಿನಲ್ಲಿ ಶಿರಸಿಗೆ ಒಯ್ದು ಹಲ್ಲಿನ ಡಾಕ್ಟರರ ಮುಂದೆ ಕೂರಿಸಿದಳು. ಅವರು ಬಾಯಿ ತೆರೆಸಿ, ಸಣ್ಣ ಕಡ್ಡಿಯಿಂದ ಒಂದೊಂದೇ ಹಲ್ಲನ್ನು ತಟ್ಟಿ, ಎರಡು ನಿಮಿಷ ಸುಮ್ಮನೆ ನಿಂತರು. ಆ ನಿಲುವನ್ನು ನಾನು ಎಲ್ಲೋ ನೋಡಿದ್ದೆ. "ಮೂರು ದವಡೆಹಲ್ಲು ಸಡಿಲವಾಗಿವೆ ಮಾಸ್ತರೇ, ತೆಗೆಯಬೇಕು" ಎಂದರು. ಸ್ವಲ್ಪ ಬಿಗಿ ಮಾಡಿದರೆ ಸಾಲದೇ ಎಂದು ಕೇಳಿದೆ. ಅವರು ನಕ್ಕು, "ಮನೆಯಲ್ಲಿ ಏನೂ ಮಾಡಲು ಹೋಗಬೇಡಿ. ಇದು ನಿಮ್ಮ ಕೈಯಲ್ಲಿ ಆಗೋದಲ್ಲ" ಎಂದರು.

ವಿಜಯಾ ಪಕ್ಕದ ಕುರ್ಚಿಯಿಂದ ಎದ್ದು ಬಂದಳು. ನನ್ನ ಅಂಗಿಯ ಕಿಸೆಯಲ್ಲಿದ್ದ ಫೀಲರ್ ಗೇಜನ್ನು ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು.