ಏಳು ಚಕ್ರಕ್ಕೆ ಏಳು ತುಂಡು ಟೇಪು

"ಈ ಭಾನುವಾರದೊಳಗೆ ನನ್ನ ಏಳು ಚಕ್ರಗಳೂ ತೆರೆದುಕೊಳ್ಳಬೇಕು. ಹೇಗೆ ತೆರೆದುಕೊಳ್ಳಲ್ಲ ಅಂತ ನಾನೂ ನೋಡ್ತೀನಿ."

ಮಂಗಳವಾರ ಬೆಳಗ್ಗೆ ಬಾಯಿತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಗಾಯಕಿ ಹೀಗೆ ಘೋಷಿಸಿದಳು. ಗಂಡ ಊಟದ ಮೇಜಿನ ಕೆಳಗೆ ಕೂತು ಕೇಬಲ್ಲು ಸುತ್ತುತ್ತಿದ್ದ. ಸಭೆ ಸಮಾರಂಭಗಳಿಗೆ ಮೈಕು ಹಾಕಿಕೊಡುವುದು ಅವನ ಕೆಲಸ. ಇಡೀ ದಿನ ಬೇರೆಯವರ ದನಿ ಏರಿಸಿ ಇಳಿಸುವವನು ಮನೆಯಲ್ಲಿ ಸ್ವಂತ ದನಿಯನ್ನು ಏರಿಸಿದವನೇ ಅಲ್ಲ.

"ತೆರೆದಾದ ಮೇಲೆ ಮುಚ್ಚೋದು ಹೇಗೆ ಅಂತಾನೂ ಕೇಳ್ಕೊಂಡು ಬಾ" ಎಂದ.

ಗಾಯಕಿ ಆ ಮಾತನ್ನು ನೊರೆಯ ಜೊತೆಗೇ ಉಗಿದಳು. ಅವಳಿಗೆ ಅದು ಹುಡುಗಾಟದ ವಿಷಯವಾಗಿರಲಿಲ್ಲ. ಎರಡು ವರ್ಷದ ಹಿಂದೆ ಗ್ರಂಥಾಲಯದ ಸಭಾಂಗಣದಲ್ಲಿ, ಕಡೆಯ ಹಾಡಿನ ತುತ್ತತುದಿಯ ಸ್ವರಕ್ಕೆ ಏರುವ ಹೊತ್ತಿಗೆ, ಅವಳ ಗಂಟಲು ಹುಳಿ ಬಿದ್ದ ಹಾಲಿನಂತೆ ಒಡೆದುಹೋಗಿತ್ತು. ಇನ್ನೂರು ಜನ ಕೇಳಿದ್ದರು. ಅಂದಿನಿಂದ ಅವಳು ಒಬ್ಬಳೇ ಹಾಡಿದ್ದಿಲ್ಲ. ಗುಂಪುಗಾಯನದ ಎರಡನೇ ಸಾಲಿನಲ್ಲಿ, ಎತ್ತರದವರ ಬೆನ್ನ ಹಿಂದೆ ನಿಂತು ತುಟಿ ಆಡಿಸುತ್ತಿದ್ದಳು. ಮನೆಯಲ್ಲಿ ಗುನುಗುವುದನ್ನೂ ಬಿಟ್ಟಿದ್ದಳು. ಈಗ ಅದೇ ಸಭಾಂಗಣದ ಕಾರ್ಯದರ್ಶಿ ಮೇಡಂ ಮತ್ತೆ ಕರೆದಿದ್ದರು. ಭಾನುವಾರ ಸಂಜೆ ಮೂರು ಹಾಡು, ಕಡೆಯದು ಅದೇ ಹಾಡು. ಚೆನ್ನಾಗಿ ಬಂದರೆ ಮುಂದಿನ ವರ್ಷದ ಹನ್ನೆರಡು ತಿಂಗಳ ಸಂಜೆಗಳೂ ಅವಳವೇ. ಬರದಿದ್ದರೆ ಎತ್ತರದವರ ಬೆನ್ನು ಇದ್ದೇ ಇದೆ.

ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಯೋಗದ ಮೇಷ್ಟ್ರು ಪಾಠ ಹೇಳುತ್ತಿದ್ದರು. ಗಾಯಕಿ ಮೂರು ದಿನ ಅಲ್ಲಿಗೆ ಹೋದಳು. ಮೇಷ್ಟ್ರು ಕಡಿಮೆ ಮಾತಿನವರು.

"ಹಾಡೋಕೆ ಮೊದಲು ಗಮನವನ್ನ ಕೆಳಗಿಂದ ಮೇಲಕ್ಕೆ ತನ್ನಿ. ಮೊದಲು ಬುಡ, ಅಂದ್ರೆ ನೆಲದ ಮೇಲೆ ಗಟ್ಟಿಯಾಗಿ ನಿಂತಿದೀನಾ ಅನ್ನೋದು. ಆಮೇಲೆ ಕಿಬ್ಬೊಟ್ಟೆ, ಉಸಿರು ಅಲ್ಲಿವರೆಗೂ ಇಳೀಬೇಕು. ಹೊಕ್ಕಳು, ಅದು ಧೈರ್ಯ. ಎದೆ, ಅದು ಭಾವ. ಗಂಟಲನ್ನ ಸುಮ್ಮನೆ ಸಡಿಲ ಬಿಡಿ, ಅಷ್ಟೆ. ಹುಬ್ಬಿನ ನಡುವೆ ಹಾಡಿನ ಮುಂದಿನ ಸಾಲು. ನೆತ್ತಿಗೆ ಬರೋ ಹೊತ್ತಿಗೆ ನೀವು ಹಾಡ್ತಿದೀರಿ ಅನ್ನೋದೇ ಮರೆತಿರಬೇಕು."

"ಒಂದೊಂದಕ್ಕೂ ಒಂದೊಂದು ಬಣ್ಣ ಇದೆಯಂತಲ್ಲ ಮೇಷ್ಟ್ರೇ?"

"ಹೇಳ್ತಾರೆ. ಕೆಂಪಿಂದ ಶುರುವಾಗಿ ನೇರಳೆವರೆಗೆ. ನೆನಪಿಗೆ ಅನುಕೂಲ."

ನೆನಪಿಗೆ ಅನುಕೂಲ! ಗಾಯಕಿಯ ತಲೆಯಲ್ಲಿ ಉಳಿದಿದ್ದು ಇದೊಂದೇ. ಏಕೆಂದರೆ ಅವಳ ಗಮನ ಮಹಾ ಸೋಮಾರಿ. ಕಿಬ್ಬೊಟ್ಟೆಯಿಂದ ಹೊಕ್ಕಳಿಗೆ ಹೊರಟಿದ್ದು ದಾರಿಯಲ್ಲೇ ಕುಕ್ಕರಿನ ಗ್ಯಾಸ್ಕೆಟ್ಟಿಗೋ, ಒಣಹಾಕಿದ ಬಟ್ಟೆಗೋ ಹೋಗಿ ಕೂರುತ್ತಿತ್ತು. ಅದಕ್ಕೊಂದು ಗುರುತು ಬೇಕಿತ್ತು. ಮೈಮೇಲೆ ಏಳು ಕಡೆ ಏಳು ಬಣ್ಣ ಅಂಟಿಸಿಕೊಂಡರೆ ಗಮನ ಎಲ್ಲಿಗೆ ತಪ್ಪಿಸಿಕೊಂಡು ಹೋದೀತು?

ಈ ಮಹಾಯೋಚನೆ ಹೊಳೆದಿದ್ದು ಭಾನುವಾರ ಮಧ್ಯಾಹ್ನ, ಅಡುಗೆಮನೆಯಲ್ಲಿ. ಅದು ಅತ್ತೆಯನ್ನು ಊಟಕ್ಕೆ ಕರೆಯುವ ಹೊತ್ತು. ಅತ್ತೆಗೆ ಕಿವಿ ಮಂದ. ಕಿವಿಗೆ ಯಂತ್ರ ಇದ್ದರೂ ಅದು ಕೆಟ್ಟು ಎರಡು ವರ್ಷವಾಗಿತ್ತು. ಹಗಲೆಲ್ಲ ಮಹಡಿಯ ಮೇಲೆ ಟೊಮೆಟೊ ಕುಂಡಗಳ ನಡುವೆ ಇರುತ್ತಿದ್ದರು. ಅವರನ್ನು ಕರೆಯುವುದೆಂದರೆ ಮೊದಲ ಕೂಗು ಗಾಳಿಗೆ, ಎರಡನೆಯದು ಅವರಿಗೆ. ದಿನಕ್ಕೆ ಎರಡು ಹೊತ್ತೂ ಹಾಗೆಯೇ.

"ಅತ್ತೇ, ಊಟಕ್ಕೆ ಬನ್ನಿ."

ಸದ್ದಿಲ್ಲ. ಗಾಯಕಿ ಸೌಟು ಕೆಳಗಿಟ್ಟು, ಕಾಲೂರಿ, ಹೊಟ್ಟೆತುಂಬ ಉಸಿರೆಳೆದು ಕೂಗಿದಳು. "ಅತ್ತೇಏಏ!" ಕಪಾಟಿನ ಲೋಟಗಳು ಕಿಣಿಕಿಣಿ ಎಂದವು.

"ಬಂದೆ ಕಣೇ, ಯಾಕೆ ಹಾಗೆ ಕೂಗ್ತೀಯ" ಎಂದು ಅತ್ತೆ ಇಳಿದು ಬಂದರು.

ಅವರಿಗೆ ಬಡಿಸಿ ಗಾಯಕಿ ಬಾಲ್ಕನಿಗೆ ಹೋದಳು. ಅಲ್ಲಿ ಸಂಜೆಯ ಕೆಲಸಕ್ಕೆಂದು ಗಂಡ ಒರೆಸಿ ನೇತುಹಾಕಿದ್ದ ಏಳು ಕೇಬಲ್ಲುಗಳಿದ್ದವು. ಒಂದೊಂದರ ತುದಿಗೂ ಒಂದೊಂದು ಬಣ್ಣದ ಟೇಪು! ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ಕಡುನೀಲಿ, ನೇರಳೆ. ಜಗತ್ತಿನ ಏಳು ಚಕ್ರಗಳು ತನ್ನ ಮನೆಯ ಬಟ್ಟೆತಂತಿಯ ಮೇಲೇ ಸಾಲಾಗಿ ನಿಂತಿದ್ದನ್ನು ಕಂಡು ಅವಳ ರೋಮ ನಿಮಿರಿತು. ಇದು ದೈವಸಂಕಲ್ಪವಲ್ಲದೆ ಮತ್ತೇನು?

ಆ ಟೇಪುಗಳನ್ನು ಮುಟ್ಟಬಾರದೆಂದು ಮದುವೆಯಾದ ಮೊದಲ ವಾರದಲ್ಲೇ ಗಂಡ ಹೇಳಿದ್ದ. ಯಾವ ಕೇಬಲ್ಲು ವೇದಿಕೆಯ ಯಾವ ಮೈಕಿನದು ಎಂದು, ಹಿಂದೆ ಕೂತು ದನಿ ಏರಿಳಿಸುವ ಮಿಕ್ಸರ್ ನಡೆಸುವವನಿಗೆ ತಿಳಿಸುವ ಗುರುತು ಅವು. ಆದರೆ ಹೆತ್ತವರಿಗೆ ಮಕ್ಕಳ ಗುರುತು ಸಿಗದಿದ್ದೀತೇ? ಹದಿನೆಂಟು ವರ್ಷ ಸುತ್ತಿ ಬಿಚ್ಚಿದವನು ಕತ್ತಲಲ್ಲೂ ಮುಟ್ಟಿ ಹೇಳುತ್ತಾನೆ ಎಂದುಕೊಂಡು ಗಾಯಕಿ ಉಗುರು ಹಾಕಿ ಏಳನ್ನೂ ಕಿತ್ತುಕೊಂಡಳು.

ಅಂಟಿಸುವುದು ಅಷ್ಟು ಸುಲಭವಾಗಲಿಲ್ಲ. ಮೊದಲ ಚಕ್ರದ ಜಾಗ ಕೂರುವ ಜಾಗ. ಅಲ್ಲಿ ಟೇಪು ಅಂಟಿಸಿಕೊಂಡು ಸಭೆಯ ಮುಂದೆ ಹೋಗಲು ಮರ್ಯಾದೆ ಒಪ್ಪಲಿಲ್ಲ. ಹೇಗೂ ನೆಲದ ವಿಷಯವಲ್ಲವೇ ಎಂದು ಕೆಂಪನ್ನು ಅಂಗಾಲಿಗೆ ಇಳಿಸಿದಳು. ಕಿತ್ತಳೆ, ಹಳದಿ, ಹಸಿರು ಉಡುಪಿನೊಳಗೆ ಹೋದವು. ನೀಲಿ ಹೋದದ್ದು ಕಾಲರಿನ ಮರೆಗೆ. ಕಡುನೀಲಿಯನ್ನು ಹುಬ್ಬಿನ ನಡುವೆ ಅಂಟಿಸಿ ಕನ್ನಡಿ ನೋಡಿದಾಗ ರವಾನೆಗೆ ಸಿದ್ಧವಾದ ಪಾರ್ಸಲ್ಲಿನಂತೆ ಕಂಡಳು. ಅದನ್ನು ಮುಂಗೂದಲಿನ ಅಡಿಗೆ ಸರಿಸಿ, ನೇರಳೆಯನ್ನು ತುರುಬಿನೊಳಗೆ ತುರುಕಿದಳು.

ಸಭಾಂಗಣದಲ್ಲಿ ಅವತ್ತು ಮೊದಲಿನ ಉಪನ್ಯಾಸಕರು ಮುಗಿಸುವ ಲಕ್ಷಣವೇ ಇರಲಿಲ್ಲ. ಅವರು ಇಳಿಯುವ ಹೊತ್ತಿಗೆ ಗಂಡನಿಗೆ ಉಳಿದದ್ದು ಹತ್ತೇ ನಿಮಿಷ. ಮನೆಯಲ್ಲಿ ನೋಡದೆ ಚೀಲಕ್ಕೆ ತುಂಬಿದ್ದ ಕೇಬಲ್ಲುಗಳನ್ನು ವೇದಿಕೆಯಿಂದ ಎಳೆದು ತಂದು ಕಡೆಯ ಸಾಲಿನ ಹಿಂದಿನ ಮಿಕ್ಸರಿಗೆ ಚುಚ್ಚಲು ಬಗ್ಗಿದವನು ಹಾಗೇ ನಿಂತುಬಿಟ್ಟ. ಏಳು ಕರಿ ತುದಿಗಳು. ಒಂದರಲ್ಲೂ ಬಣ್ಣವಿಲ್ಲ. ಮಕ್ಕಳ ಗುರುತು ಹೆತ್ತವನಿಗೆ ಸಿಗಲಿಲ್ಲ. ಸಿಕ್ಕಿದ್ದನ್ನು ಸಿಕ್ಕಿದ ತೂತಿಗೆ ಚುಚ್ಚಿದ.

ಗಾಯಕಿ ಕಣ್ಣು ಮುಚ್ಚಿ ಕೆಂಪಿನಿಂದ ನೇರಳೆಯವರೆಗೆ ಒಮ್ಮೆ ಹೋಗಿಬಂದು ಮೊದಲ ಹಾಡು ಎತ್ತಿದಳು. ಅವಳ ದನಿ ಮೈಕಿನೊಳಗೆ ಹೋಯಿತು, ಹೊರಗೆ ಬರಲಿಲ್ಲ. ಅದರ ಬದಲು ಕೀಬೋರ್ಡು ನುಡಿಸುವವನ ಗೊಣಗಾಟ ಸಭಾಂಗಣದ ನಾಲ್ಕೂ ಗೋಡೆಗಳಿಂದ ಕೇಳಿಸಿತು. ಹಾಡಿನ ಹೆಸರು ಹೇಳಲೆಂದು ಅವನ ಮುಂದೆಯೂ ಒಂದು ಮೈಕು ಇತ್ತು. ನುಡಿಸುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುವುದು ಅವನ ಹಳೇ ಚಾಳಿ.

"ಅಯ್ಯೋ, ಶೂ ಕಚ್ತಿದೆ. ಹೊಸದು ಹಾಕ್ಕೊಂಡು ಬರಬಾರದಿತ್ತು."

ಜನ ನಕ್ಕರು. ಗಂಡ ಗಾಬರಿಯಾಗಿ, ಹೆಂಡತಿಯದೆಂದು ತಿಳಿದಿದ್ದ ಗುಂಡಿಯನ್ನು ಪೂರ್ತಿ ಏರಿಸಿದ.

"ಕಾರ್ಯದರ್ಶಿ ಮೇಡಂ ಆಗಲೇ ಆಕಳಿಸಿದ್ರು" ಎಂದು ಗೋಡೆಗಳು ಗುಡುಗಿದವು.

ಮೊದಲ ಸಾಲಿನಲ್ಲಿ ಕಾರ್ಯದರ್ಶಿ ಮೇಡಂ ತೆರೆದ ಬಾಯಿಯನ್ನು ಅರ್ಧಕ್ಕೇ ಮುಚ್ಚಿದರು. ಗಾಯಕಿಗೆ ಮಾತ್ರ ಒಂದೇ ಚಿಂತೆ. ದನಿ ಹೋಗುತ್ತಿಲ್ಲ ಎಂದರೆ ಗಂಟಲಿನ ಚಕ್ರ ಕಟ್ಟಿಕೊಂಡಿದೆ! ಅದನ್ನು ಚುರುಕಾಗಿಸಲು ಕಾಲರ್ ಸರಿಸಿ ನೀಲಿ ಟೇಪನ್ನು ಉಜ್ಜತೊಡಗಿದಳು.

ಹದಿನೆಂಟು ವರ್ಷದ ನೀಲಿ. ಕಡೆಯ ಸಾಲಿನ ಹಿಂದಿನಿಂದಲೂ ಗಂಡ ಅದನ್ನು ಗುರುತು ಹಿಡಿದ. ಎದ್ದು ನಿಂತು ತನ್ನ ಗಂಟಲು ತೋರಿಸಿ, ಕೈಯಾಡಿಸಿ, ಮತ್ತೆ ಗಂಟಲು ತೋರಿಸಿದ. ಪಾಪ, ಇವನಿಗೂ ಚಕ್ರದ ವಿಷಯ ಅರ್ಥವಾಗತೊಡಗಿತು ಎಂದು ಗಾಯಕಿ ಇನ್ನೂ ಜೋರಾಗಿ ಉಜ್ಜಿದಳು. ಆಗ ಅವನು ಹೆಬ್ಬೆರಳಿಗೆ ಟೇಪು ಸುತ್ತುವಂತೆ ಅಭಿನಯಿಸಿ, ಏಳು ಬೆರಳು ಎತ್ತಿ ಹಿಡಿದ.

ಗಾಯಕಿಗೆ ಅರ್ಥವಾಯಿತು. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಸರಿ, ಆದರೆ ಇನ್ನೂರು ಜನರ ಮುಂದೆ ಉಣ್ಣುವುದು ಕಷ್ಟ.

ಗಂಡ ಮಿಕ್ಸರ್ ಆರಿಸಿಬಿಟ್ಟ. ಗೊಣಗಾಟ ನಿಂತಿತು. ಕೀಬೋರ್ಡಿನ ದನಿಯೂ ಸತ್ತಿತು. ಕಾರ್ಯದರ್ಶಿ ಮೇಡಂ ಚೀಲದಿಂದ ಪುಟ್ಟ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ತೆರೆದರು. ಈಗ ಇಳಿದುಹೋದರೆ ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಎಂದು ಗಾಯಕಿಗೆ ಗೊತ್ತಿತ್ತು. ಅಳು ಬಂತು. ಇದು ಸಾಲದೆಂಬಂತೆ ಅಂಗಾಲಿನ ಕೆಂಪು ಟೇಪು ಮುದುರಿ ಚುಚ್ಚುತ್ತಿತ್ತು. ಚಪ್ಪಲಿ ಬಿಟ್ಟು, ಅದನ್ನು ಕಿತ್ತೆಸೆದು, ಬರಿಗಾಲಿನಲ್ಲಿ ನಿಂತಳು.

ಮರದ ಹಲಗೆ ತಣ್ಣಗಿತ್ತು, ಗಟ್ಟಿಯಾಗಿತ್ತು. ಎರಡು ಪಾದಗಳೂ ಅದರ ಮೇಲೆ ಪೂರ್ತಿ ಕೂತವು. ಉಸಿರು ಹೇಳದೆಯೇ ಕಿಬ್ಬೊಟ್ಟೆಗೆ ಇಳಿಯಿತು. ಕಡೆಯ ಸಾಲಿನಲ್ಲಿ, ಗಂಡನ ಮುಂದಿನ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಮೈಕಿಲ್ಲದ ದನಿ ಅವರ ಮಂದ ಕಿವಿಗೆ ಮುಟ್ಟಬೇಕು. ಅಷ್ಟು ಮುಟ್ಟಿದರೆ ಸಾಕು ಎಂದುಕೊಂಡು, ಮೊದಲ ಎರಡು ಹಾಡು ಬಿಟ್ಟು, ಗಾಯಕಿ ಆ ಹಾಡನ್ನೇ ಎತ್ತಿಕೊಂಡಳು.

ಕೀಬೋರ್ಡಿನವನ ಪಕ್ಕ ತಬ್ಬಿಬ್ಬಾಗಿ ಕೂತಿದ್ದ ಡ್ರಮ್ಮಿನವನು ಬೆರಳ ತುದಿಯಲ್ಲಿ ಮೆಲ್ಲಗೆ ತಾಳ ಹಿಡಿದ. ಹಾಡು ಮೆಟ್ಟಿಲು ಮೆಟ್ಟಿಲಾಗಿ ಏರಿತು. ತುದಿಯ ಸ್ವರ ಬಂತು. ಗಾಯಕಿಗೆ ಅದು ಬಂದಿದ್ದೂ ಗೊತ್ತಾಗಲಿಲ್ಲ, ಅದರ ಮೇಲೆ ಎಷ್ಟು ಹೊತ್ತು ನಿಂತಿದ್ದಳೋ ಅದೂ ಗೊತ್ತಾಗಲಿಲ್ಲ. ಮುಗಿದು ಕಣ್ಣು ಬಿಟ್ಟಾಗ ಕಾರ್ಯದರ್ಶಿ ಮೇಡಂ ಚಪ್ಪಾಳೆ ತಟ್ಟುವ ಭರದಲ್ಲಿ ಪೆನ್ನು ಕೆಳಗೆ ಬೀಳಿಸಿಕೊಂಡಿದ್ದರು.

"ಹನ್ನೆರಡು ತಿಂಗಳೂ ನಿಮ್ಮದೇ" ಎಂದರು ಆಮೇಲೆ ಬಂದು. "ಮೈಕ್ ಮಾತ್ರ ಬೇಡ."

ಗಂಡ ಬಂದು ಕೈ ಚಾಚಿದ. ಗಾಯಕಿ ಕಾಲರಿನಿಂದ, ಕೂದಲಿನಿಂದ, ತುರುಬಿನಿಂದ ಒಂದೊಂದಾಗಿ ಕಿತ್ತು ಅವನ ಅಂಗೈಗೆ ಅಂಟಿಸಿದಳು. "ಉಳಿದದ್ದು ಮನೆಗೆ ಹೋಗಿ ಕೊಡ್ತೀನಿ" ಎಂದಳು. ಸಭೆಯಲ್ಲಿದ್ದ ಯೋಗದ ಮೇಷ್ಟ್ರು ಆ ಅಂಗೈಯನ್ನು ಬಹಳ ಹೊತ್ತು ನೋಡಿದರು.

"ನಾನು ಅಲ್ಲಲ್ಲಿ ಗಮನ ಇಡಿ ಅಂದಿದ್ದೆ, ತಾಯಿ. ಟೇಪು ಇಡಿ ಅಂದಿರಲಿಲ್ಲ."

ಆದರೂ ಗಾಯಕಿಗೆ ಗೆಲುವಿನ ಅಮಲು ಇಳಿದಿರಲಿಲ್ಲ. "ಏನೇ ಅನ್ನಿ ಮೇಷ್ಟ್ರೇ, ಚಕ್ರ ತೆರೀತು. ಮೂರೇ ದಿನದ ಸಾಧನೆ! ಎರಡು ವರ್ಷ ಮುಚ್ಚಿದ್ದ ಗಂಟಲು ಮೂರು ದಿನಕ್ಕೆ ತೆರೀತು" ಎಂದು ಸುತ್ತಲಿದ್ದವರಿಗೂ ಕೇಳುವಂತೆ ಹೇಳಿದಳು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎಂದರು ಹಿಂದಿನಿಂದ ಅತ್ತೆ. "ಎಲ್ಲಿ ಮುಚ್ಚಿತ್ತೇ ನಿನ್ನ ಗಂಟಲು? ದಿನಾ ಎರಡು ಹೊತ್ತು ನನ್ನನ್ನ ಎರಡನೇ ಸಲ ಕರೀತಿದ್ಯಲ್ಲ, ಆ ಸ್ವರ ಯಾವುದು ಅಂತ ನಿನ್ನ ಗಂಡನ್ನ ಕೇಳು."

ಗಂಡ ನೆಲ ನೋಡುತ್ತ ಹೇಳಿದ. "ಇವತ್ತಿನದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೇ ಇತ್ತು."

ಗಾಯಕಿ ಅವನನ್ನು ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು. ಗಿಜಿಗುಡುವ ಸಭಾಂಗಣದಲ್ಲಿ, ಬೆನ್ನ ಹಿಂದಿನಿಂದ, ಅತ್ತೆ ತನ್ನ ಮಾತನ್ನು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದು ಆಗ ಹೊಳೆಯಿತು.

"ಅತ್ತೆ, ನಿಮ್ಮ ಕಿವಿ ಯಂತ್ರ ಕೆಟ್ಟಿದೆಯಲ್ಲ?"

"ಕೆಟ್ಟ ವಾರವೇ ಸರಿ ಮಾಡಿಸ್ದೆ. ಆಗ ನೀನು ಹಾಡೋದು ಬಿಟ್ಟು ಹತ್ತು ದಿನ ಆಗಿತ್ತು. ಮನೇಲಿ ನೀನು ಬಾಯ್ತುಂಬ ದನಿ ತೆಗೀತಿದ್ದಿದ್ದು ನನ್ನನ್ನ ಕರೆಯೋವಾಗ ಮಾತ್ರ. ಮೊದಲ್ನೇ ಸಲಕ್ಕೇ ಬಂದ್ರೆ ಅದೂ ನಿಂತೋಗುತ್ತೆ ಅಂತ ಕಾಯ್ತಿದ್ದೆ."

ಗಾಯಕಿಯ ಏಳು ಚಕ್ರಗಳೂ ಒಟ್ಟಿಗೆ ನಿಂತವು. ಅವಳು ಅತ್ತೆಯ ಕೈ ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು, ದನಿ ಹೊರಡಲಿಲ್ಲ.

"ನೋಡು, ಈಗ ನಿಜವಾಗ್ಲೂ ಮುಚ್ಕೊಳ್ತು" ಎಂದರು ಅತ್ತೆ. "ಹನ್ನೆರಡು ತಿಂಗಳು ಹಾಡಬೇಕಲ್ಲ. ನಾಳೆಯಿಂದ ನಾನು ಮೂರನೇ ಸಲಕ್ಕೇ ಬರೋದು."