ಪರಸ್ತಾನದ ಚೀಲ

ಕೊತ್ತತ್ತಿಯ ಶಿವರಾಮು ಆಲೆಮನೆಯವನು. ಇಪ್ಪತ್ತು ವರ್ಷ ಕೊಪ್ಪರಿಗೆ ಮುಂದೆ ಬೆಂದವನಿಗೆ ಕುದಿಯುವ ಕಬ್ಬಿನಹಾಲಿನ ಹಬೆಯಲ್ಲಿ ಏನು ಕಾಣಬೇಕು ಹೇಳಿ? ಮಂಜುಗಡ್ಡೆಯ ಬೆಟ್ಟ. ಮೇಲೆದ್ದ ನೊರೆಯೆಲ್ಲ ತೇಲುವ ಹಿಮ, ನಡುವೆ ಒಂದು ಹಡಗು, ದಡದಲ್ಲಿ ಮದುವೆಮನೆ ಬೀಗರ ಹಾಗೆ ಗತ್ತಿನಲ್ಲಿ ನಿಂತ ಪೆಂಗ್ವಿನ್ನುಗಳು. ಹನ್ನೊಂದು ವರ್ಷ ಕೂಡಿಟ್ಟು ಕೊನೆಗೂ ದಕ್ಷಿಣ ಧ್ರುವದ ಹಡಗಿನಲ್ಲಿ ಸೀಟು ಹಿಡಿದಿದ್ದ. ಗುರುವಾರ ಸಂಜೆ ಆರಕ್ಕೆ ಬೆಂಗಳೂರಿನಿಂದ ವಿಮಾನ. ಅದು ತಪ್ಪಿದರೆ ಹಡಗೂ ತಪ್ಪಿದಂತೆ.

ಗುರುವಾರ ಅನ್ನುವುದೇ ಎಡವಟ್ಟಾಯಿತು. ಅವತ್ತು ದಕ್ಷಿಣಕ್ಕೆ ಹೊರಡಬಾರದೆಂದು ಸೋದರತ್ತೆ ಹೊಂಬಾಳಮ್ಮ ಹಟ ಹಿಡಿದಳು. ಬೆಂಗಳೂರು ದಕ್ಷಿಣಕ್ಕಿಲ್ಲವಲ್ಲತ್ತೆ ಅಂದರೂ ಕೇಳಲಿಲ್ಲ. ಕೊನೆಗೆ ಮುಟ್ಟುವ ಜಾಗ ಯಾವ ದಿಕ್ಕು ಅನ್ನುವುದೇ ಮುಖ್ಯವಂತೆ. ಇದಕ್ಕೆ ಪರಿಹಾರ ಪರಸ್ತಾನ. ಒಳ್ಳೇ ದಿನ ನೋಡಿ ಚೀಲವನ್ನು ಮೊದಲೇ ಆ ದಿಕ್ಕಿನ ಮನೆಯೊಂದರಲ್ಲಿಟ್ಟರೆ ಪ್ರಯಾಣ ಶುರುವಾದ ಹಾಗೆ. ಬುಧವಾರ ಸಂಜೆ ಶಿವರಾಮು ಕೊನೇ ಪಾಕ ಇಳಿಸುತ್ತಿದ್ದಾಗ ಅತ್ತೆ ಅವನ ಹಸಿರು ಚೀಲವನ್ನು ತೆಂಕಲ ಬೀದಿಯ ಮಂಗಳಮ್ಮನ ಮನೆಗೆ ಮುಟ್ಟಿಸಿದಳು. ಪ್ರಯಾಣಕ್ಕೆ ಬಲು ಬೇಕಾದ್ದು ಪರಸ್ತಾನದಲ್ಲೇ ಇರಲಿ ಅಂತ ಪಾಸ್‌ಪೋರ್ಟನ್ನೂ ಅದರೊಳಗೆ ತುರುಕಿದ್ದಳು.

ಗುರುವಾರ ಬೆಳಿಗ್ಗೆ ಚೀಲ ತರಲು ಹೋದರೆ ಮಂಗಳಮ್ಮ ಹಲ್ಲು ಕಿರಿದಳು.

"ನಾಕು ಮಾರು ತೆಂಕ್ಲಾಗಿಟ್ರೆ ಏನ್ ಬಂತು? ನಮ್ಮಳಿಯ ಬೆಳಗಿನ ಜಾವ ಬ್ಲಫ್‌ಗೆ ಓದ. ಅವನ ಬೈಕಲ್ಲೇ ಕಳ್ಸಿವ್ನಿ. ಇನ್ನೂ ಒಳ್ಳೇದು ಕಣಪ್ಪ."

ಅಳಿಯ ಚಲುವರಾಜು ಮಳವಳ್ಳಿ ಆಚೆ ಬ್ಲಫ್ ಅನ್ನುವ ಊರಿನ ಪವರ್‌ಹೌಸಿನವನು. ಡ್ಯೂಟಿಯಲ್ಲಿದ್ದರೆ ಅವನ ಫೋನು ಸಿಗುವುದಿಲ್ಲ. ಶಿವರಾಮು ಸಿಕ್ಕ ಬಸ್ಸಿಗೆ ಹತ್ತಿದ. ಮಳವಳ್ಳಿ ದಾಟಿದ ಮೇಲೆ ಕಿಟಕಿಯಿಂದ ತಣ್ಣನೆ ಗಾಳಿ ಬಂತು. ಗದ್ದೆಯ ಬೆಳ್ಳಕ್ಕಿಗಳು ಮೆಲ್ಲಗೆ ಕಪ್ಪು ಕೋಟು ತೊಟ್ಟವು, ನಾಲೆ ಅಗಲವಾಗಿ ಸಮುದ್ರವಾಯಿತು, ಬಸ್ಸು ತೇಲತೊಡಗಿತು. ಕಂಡಕ್ಟರು ಭುಜ ಅಲುಗಿಸಿ ಎಬ್ಬಿಸುವಷ್ಟರಲ್ಲಿ ಇಳಿಯುವ ಸ್ಟಾಪು ಎಂದೋ ಹಿಂದಾಗಿತ್ತು. ವಾಪಸ್ಸು ಬ್ಲಫ್ ಮುಟ್ಟಿದಾಗ ಎರಡೂವರೆ.

ಚಲುವರಾಜು ದೊಡ್ಡ ಉಪಕಾರ ಮಾಡಿದವನ ಮುಖ ಹೊತ್ತು ಬಂದ. "ನಮ್ಮ ಇಂಜಿನಿಯರು ರಘುನಂದನ್ ಸಾಹೇಬ್ರೂ ಅದೇ ಅಡಗಿಗೆ ಓಯ್ತಾವ್ರೆ ಕಣಣ್ಣ. ಅನ್ನೊಂದು ಗಂಟೇಲಿ ಕಾರು ಅತ್ತುದ್ರು. ನಿನ್ ಚೀಲನೂ ಡಿಕ್ಕಿಗೆ ಆಕ್ಬುಟ್ಟೆ. ನೀನು ಕೈಬೀಸ್ಕಂಡು ಓಗು."

ಶಿವರಾಮುಗೆ ಅಳು ಬಂತು. ಬಾಡಿಗೆ ಕಾರು ಹಿಡಿದು ಮದ್ದೂರಿನವರೆಗೆ ಬಂದರೆ ಅಲ್ಲಿ ಕಬ್ಬಿನ ಟ್ರಾಕ್ಟರೊಂದು ಮಗುಚಿ ರಸ್ತೆ ಪೂರಾ ಮುಚ್ಚಿತ್ತು. ಕಬ್ಬು ಯಾರ ಆಲೆಮನೆಗೆ ಹೊರಟಿದ್ದು ಅಂತ ವಿಚಾರಿಸಿದ. ಅವನದಕ್ಕೇ. ಚಲುವರಾಜು ಕೊಟ್ಟ ನಂಬರಿಗೆ ಫೋನು ಮಾಡಿದಾಗ ಇಂಜಿನಿಯರು ಪಾಸ್‌ಪೋರ್ಟ್ ಸಮೇತ ಚೀಲವನ್ನು ತನ್ನದೇ ಲಗೇಜು ಅಂತ ವಿಮಾನಕ್ಕೆ ಹಾಕಿಸಿ ಆಗಿತ್ತು. ಆರು ಗಂಟೆಗೆ ಶಿವರಾಮು ಕಬ್ಬಿನ ಜಲ್ಲೆಗಳ ನಡುವೆ ನಿಂತು ಆಕಾಶ ನೋಡುತ್ತಿದ್ದ.

ಹನ್ನೆರಡು ದಿನ ಕಳೆದು ಮೊಬೈಲಿಗೆ ಒಂದು ಫೋಟೋ ಬಂತು. ನೀಲಿ ಮಂಜಿನ ಬೆಟ್ಟ, ದಡದ ತುಂಬ ಪೆಂಗ್ವಿನ್ನುಗಳು. ಈಚೆ ಹಡಗಿನ ಕಟಕಟೆಗೆ ಒರಗಿ ಕೂತ ಹಸಿರು ಚೀಲ. ನಿಮ್ಮ ಬದಲು ಇದಕ್ಕಾದರೂ ತೋರಿಸೋಣ ಅನ್ನಿಸಿತು ಅಂತ ಇಂಜಿನಿಯರು ಬರೆದಿದ್ದ. ಶಿವರಾಮುಗೆ ಚೀಲದ ಮೇಲೆ ಹೊಟ್ಟೆ ಉರಿದುಹೋಯಿತು.

ಹೊಂಬಾಳಮ್ಮ ಫೋಟೋ ನೋಡಿ ಎರಡೂ ಕೈಯಿಂದ ಅವನ ದೃಷ್ಟಿ ತೆಗೆದಳು. "ಪರಸ್ತಾನ ಮುಟ್ತು ಅಂದ್ರೆ ಆಳೂ ಮುಟ್ಟಿದಂಗೇ ಕಣ್ಲಾ. ನೀನ್ ಓಗ್ಬಂದಂಗಾಯ್ತು."

ಊರಲ್ಲಿ ಆಕೆಯ ಮಾತಿಗೆ ಎದುರಿಲ್ಲ. ಸಂಜೆಗೆಲ್ಲ ಆಲೆಮನೆ ಮುಂದೆ ಜನ ಕೂತರು. ದೇಶ ಸುತ್ತಿ ಬಂದವನಿಗೆ ಹಾಕಬೇಕೆಂದು ಯಾರೋ ಹಾರವನ್ನೂ ತಂದರು. ಅಲ್ಲಿ ಹೇಗಿತ್ತು ಅಂತ ಮಂಗಳಮ್ಮನೇ ಮೊದಲು ಕೇಳಿದಳು.

ಶಿವರಾಮು ಕೊಪ್ಪರಿಗೆಯ ಹಬೆಯನ್ನು ತುಂಬ ಹೊತ್ತು ನೋಡಿದ. ಹಾರವನ್ನು ಸರಿಸಿ, ಟವಲಿನಿಂದ ಕತ್ತಿನ ಬೆವರು ಒರೆಸಿಕೊಂಡ.

"ಸಳಿ ಕಣಮ್ಮ," ಅಂದ, "ತಡ್ಕಳಕಾಗಲ್ಲ."