ಚನ್ನಬಸಪ್ಪನವರ ಹೃದಯದ ಚಕ್ಕುಬಂದಿ

ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದ ಮೇಲೆ ಇಲ್ಲಿನ ಜನರ ಹೃದಯಗಳೂ ತರೀಕೆರೆಯಿಂದ ಬೇರ್ಪಟ್ಟಿವೆಯೇ ಎಂಬ ಬಗ್ಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಹೃದ್ವಿದ್ಯುತ್ ದಾಖಲಾತಿ ಕೇಂದ್ರ ಮಾತ್ರ ಬಂದಿತ್ತು, ಇಸಿಜಿ ಯಂತ್ರ ಸಮೇತ.

ಎದೆ ಭಾರ, ತಲೆಸುತ್ತು ಎಂದು ಚನ್ನಬಸಪ್ಪನವರನ್ನು ಹೆಂಡತಿ ಕರಿಯಮ್ಮ ಅಲ್ಲಿಗೆ ಕರೆತಂದರು. ಯಂತ್ರ ನಡೆಸುವ ಭುವನಾ ಎದೆಗೆ, ಕೈಕಾಲಿಗೆ ವೈರು ಅಂಟಿಸಿದರು. ಚುಚ್ಚಲಿಲ್ಲ, ಕೊಯ್ಯಲಿಲ್ಲ, ಅರ್ಧ ನಿಮಿಷದಲ್ಲಿ ಕಾಗದ ಹೊರಬಂತು. ಇಡೀ ಪ್ರಕರಣದಲ್ಲಿ ಬೇಗ ಮುಗಿದ ಕೆಲಸ ಇದೊಂದೇ.

"ಹೃದಯದ ಮೇಲ್ಗಡೆಯಿಂದ ಕೆಳಕ್ಕೆ ಕರೆಂಟು ತಡವಾಗಿ ಹೋಗ್ತಿದೆ ಕಣಮ್ಮ. ಒಂದೊಂದ್ಸಲ ಹೋಗೋದೇ ಇಲ್ಲ. ಇವತ್ತೇ ಶಿವಮೊಗ್ಗಕ್ಕೆ ಕರ್ಕೊಂಡೋಗಿ. ಇದಕ್ಕೊಂದು ಸೀಲು ಹಾಕಿಸ್ಕೊಳ್ಳಿ, ಇಲ್ದಿದ್ರೆ ಅಲ್ಲಿ ಸೇರಿಸ್ಕೊಳ್ಳಲ್ಲ," ಎಂದರು ಭುವನಾ.

ಸೀಲು ಗುಮಾಸ್ತ ಓಂಕಾರಮೂರ್ತಿಯವರ ಬಳಿ ಇತ್ತು. ಅವರು ಕಂದಾಯದ ಕಡೆಯಿಂದ ಎರವಲಾಗಿ ಬಂದವರು. ಇಪ್ಪತ್ತು ವರ್ಷ ಜಮೀನು ಬಿಟ್ಟು ಬೇರೇನನ್ನೂ ನೋಡಿದವರಲ್ಲ.

"ಯಜಮಾನ್ರು ಹುಟ್ಟಿದಾಗ ಇದು ತರೀಕೆರೆ ತಾಲ್ಲೂಕು. ಹೃದಯದ ಖಾತೆ ಇನ್ನೂ ಅಲ್ಲೇ ಐತೆ. ಚಕ್ಕುಬಂದಿ ಏನಮ್ಮ?"

"ಉಸಿರು ಕಟ್ತಾ ಐತೆ ಸ್ವಾಮಿ."

"ಅದು ಅರ್ಜಿದಾರರ ಹೇಳಿಕೆ. ನಾನು ಕೇಳಿದ್ದು ನಾಕು ದಿಕ್ಕಿನ ಗಡಿ."

ಸ್ಥಳ ಮಹಜರು ನಡೆಯಿತು. ಎಡಕ್ಕೂ ಬಲಕ್ಕೂ ಶ್ವಾಸಕೋಶ, ಮೇಲೆ ಕತ್ತು, ಕೆಳಗೆ ಹೊಟ್ಟೆ; ಒತ್ತುವರಿ ಕಂಡುಬಂದಿಲ್ಲವೆಂದು ಸರದಿಯಲ್ಲಿದ್ದ ನಾಲ್ವರು ರೋಗಿಗಳು ಪಂಚರಾಗಿ ಸಹಿ ಹಾಕಿದರು. ಮಧ್ಯಾಹ್ನದ ಬಸ್ಸಿಗೆ ತರೀಕೆರೆಯ ಮೂಲ ಕೇಂದ್ರದಿಂದ ಅಳತೆಯ ಮೋಜಣಿದಾರ ಹನುಮಂತಯ್ಯ ಬಂದು ಹೃದಯವನ್ನು ಪಾಲು ಮಾಡಿದರು: ಮೇಲಿನ ಎರಡು ಕೋಣೆ ತರೀಕೆರೆಗೆ, ಕೆಳಗಿನ ಎರಡು ಅಜ್ಜಂಪುರಕ್ಕೆ.

ಕರೆಂಟು ತಡವಾಗುವುದಕ್ಕೂ ಆಗ ಕಾರಣ ಸಿಕ್ಕಿತು.

"ಒಂದು ತಾಲ್ಲೂಕಿಂದ ಇನ್ನೊಂದಕ್ಕೆ ಹೋಗ್ಬೇಕಲ್ಲ ಕಣ್ರೀ," ಎಂದರು ಹನುಮಂತಯ್ಯ. "ನಮ್ಮ ಫೈಲಿಗೆ ಮೂರು ತಿಂಗಳು ಬೇಕು. ಇವರದ್ದು ಸೆಕೆಂಡಲ್ಲೇ ಮುಟ್ತಾ ಐತೆ. ಇದನ್ನ ತಡ ಅಂತಾರೇನು?"

ಭುವನಾಗೆ ಸಿಟ್ಟು ಬಂತು. "ಸಾರ್, ಇವ್ರು ಸತ್ತೋಗ್ತಾರೆ."

"ಹಂಗಾದ್ರೆ ಎರಡೂ ಕೇಂದ್ರಕ್ಕೆ ಮೊದಲೇ ಬರೆದು ತಿಳಿಸ್ಬೇಕಾಗ್ತದೆ," ಎಂದರು ಓಂಕಾರಮೂರ್ತಿ.

ಸಂಜೆಯೊಳಗೆ ಆದೇಶ ಹೊರಬಿತ್ತು: "ಎರಡೂ ಕೇಂದ್ರಗಳ ಒಪ್ಪಿಗೆ ಬರುವವರೆಗೆ ಸದರಿ ಹೃದಯವು ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು. ಆಕ್ಷೇಪಣೆ ಇದ್ದಲ್ಲಿ ಕಡೂರಿನ ಮೇಲ್ಮನವಿ ಕೇಂದ್ರಕ್ಕೆ ಖುದ್ದು ಹಾಜರಾಗತಕ್ಕದ್ದು." ಚನ್ನಬಸಪ್ಪ ಬೆಂಚಿನ ಮೇಲೆ ಮಲಗಿಕೊಂಡೇ ಹೆಬ್ಬೆಟ್ಟು ಒತ್ತಿದರು.

"ಯಥಾಸ್ಥಿತಿ ಅಂದ್ರೆ ಏನವ್ವ?" ಎಂದು ಕರಿಯಮ್ಮ ಕೇಳಿದರು.

"ನಿಲ್ಲಬಾರ್ದು ಅಂತ," ಎಂದರು ಭುವನಾ.

ಕರಿಯಮ್ಮನಿಗೆ ನಿಜಕ್ಕೂ ಸಮಾಧಾನವಾಯಿತು. ಆದೇಶದ ಪ್ರತಿಯನ್ನು ಗಂಡನ ಎದೆಯ ಮೇಲಿಟ್ಟು, "ಕೇಳಿಸ್ತಾ? ನಿಲ್ಲಂಗಿಲ್ವಂತೆ," ಎಂದರು. ಚನ್ನಬಸಪ್ಪ ಕಾನೂನಿಗೆ ತಲೆಬಾಗಿ ಬಾಳಿದವರು. ಈವರೆಗೆ ಆದೇಶ ಉಲ್ಲಂಘನೆಯಾದ ವರದಿ ಇಲ್ಲ.